ಕ್ಷಮಾವಾಣಿಯ ದಿನ ನಾನು ಕೈ ಮುಗಿಯಲಿಲ್ಲ

ಕಾಯಿಲೆಯಿಂದ ಎದ್ದು ಬಂದವರು ಬರೆಯಲು ಕುಳಿತರೆ ಸಾಮಾನ್ಯವಾಗಿ ಧೈರ್ಯ ಹೇಳುತ್ತಾರೆ. ನನ್ನ ಹತ್ತಿರ ಧೈರ್ಯ ಅಷ್ಟೇನೂ ಇಲ್ಲ, ಸಿಟ್ಟು ಬೇಕಾದಷ್ಟಿದೆ. ನಿಮಗೆ ಮೇಲಿಂದ ಮೇಲೆ ಜ್ವರ ಬರುತ್ತಿದ್ದು, ಮಾಡಿಸಿದ ಪರೀಕ್ಷೆಯೆಲ್ಲ ನಾರ್ಮಲ್ ಎಂದು ಬಂದು, ಮನೆಯವರು ನಿಮ್ಮದು ಬರೀ ಸೋಗು ಅನ್ನುತ್ತಿದ್ದರೆ, ಇದು ನಿಮಗಾಗಿ ಬರೆದದ್ದು. ಹಾಗೆ ಅನ್ನುತ್ತಿರುವವರು ನೀವೇ ಆಗಿದ್ದರೆ ನೀವೂ ಓದಿ. ನಿಮಗೇ ಹೆಚ್ಚು ಉಪಯೋಗವಾದೀತು.

ನನ್ನ ಹೆಸರು ಬಾಹುಬಲಿ. ನಮ್ಮ ಕಡೆಯ ಜೈನರ ಓಣಿಯಲ್ಲಿ ನಿಂತು ಆ ಹೆಸರು ಕೂಗಿದರೆ ನಾಲ್ಕು ಮನೆಗಳಿಂದ ಓಗೊಡುತ್ತಾರೆ. ಆದರೆ ಅಂಥ ಹೆಸರಿಟ್ಟುಕೊಂಡು ವಾರಗಟ್ಟಲೆ ಕಂಬಳಿ ಹೊದ್ದು ಮಲಗುವವನು ನಾನೊಬ್ಬನೇ ಇದ್ದೆ. ನಿಪ್ಪಾಣಿ ಹತ್ತಿರದ ಬೋರಗಾಂವದಲ್ಲಿ ನಮ್ಮದು ಪಾವರ್‌ಲೂಮ್ ನಡೆಸುವ ಮನೆ. ಅಪ್ಪ ಮತ್ತು ಅವನ ತಮ್ಮ ಭೂಪಾಲ ಕಾಕಾ ಕೂಡಿ ಶೆಡ್ ಹಾಕಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಎದೆಯ ಬೇನೆಯಿಂದ ತೀರಿಕೊಂಡ. ಅಂದಿನಿಂದ ಶೆಡ್ಡೂ ನಾವೂ ಕಾಕಾನ ಕೈಯಲ್ಲಿ. ಹಿರಿಯರು, ಆದ್ದರಿಂದ ಇಲ್ಲಿ ಅವರನ್ನು ಬಹುವಚನದಲ್ಲೇ ಬರೆಯುತ್ತೇನೆ. ಮನಸ್ಸಿನಲ್ಲಿ ಏನನ್ನುತ್ತೇನೆ ಎಂಬುದು ನನಗೆ ಬಿಟ್ಟದ್ದು.

ಜ್ವರ, ಕೆಮ್ಮು, ಕಿವಿಯಲ್ಲಿ ಕೀವು, ಹಣೆಯ ಹಿಂದೆ ಕಲ್ಲಿನಂತೆ ಕೂತ ನೆಗಡಿ. ಒಂದು ಹೋದರೆ ಇನ್ನೊಂದು ಹಾಜರು. ಮಾತ್ರೆ ನುಂಗಿದರೆ ಇಳಿಯುತ್ತಿತ್ತು, ಬಿಟ್ಟರೆ ಮತ್ತೆ ಏರುತ್ತಿತ್ತು. ಕಾರಣ ಹೇಳುವವರಿಗೆ ಕೊರತೆ ಇರಲಿಲ್ಲ. ಒಬ್ಬರು ಹತ್ತಿ ಧೂಳು ಎಂದರು, ಒಬ್ಬರು ನಿಪ್ಪಾಣಿಯ ತಂಬಾಕಿನ ಘಾಟು ಎಂದರು, ಹೆಂಡತಿ ಸುನಂದಾಳ ತವರಿನವರು ಮೊಸರು ಬಿಡಿಸಿದರು. ಮೊಸರು ಬಿಟ್ಟ ವರ್ಷ ಎರಡು ಸಲ ನ್ಯುಮೋನಿಯಾ ಆಯಿತು.

ನಮ್ಮ ಕಡೆ ಜ್ವರ ಎಂದರೆ ಮೊದಲು ಟೈಫಾಯ್ಡ್ ನೆನಪಾಗುತ್ತದೆ, ಟೈಫಾಯ್ಡ್ ಎಂದರೆ ವಿಡಾಲ್ ಟೆಸ್ಟ್. ತೋಟದ ಆಳಿನಿಂದ ಹಿಡಿದು ಮಾಸ್ತರರವರೆಗೆ ಎಲ್ಲರಿಗೂ ಆ ಹೆಸರು ಬಾಯಿಪಾಠ. ವಿಡಾಲ್ ಪಾಸಿಟಿವ್ ಬಂತು ಎಂದರೆ ಮನೆಯಲ್ಲಿ ಮರ್ಯಾದೆ ಸಿಗುತ್ತದೆ. ಗಂಜಿ ಬರುತ್ತದೆ, ಯಾರೂ ಕೆಲಸ ಹೇಳುವುದಿಲ್ಲ, ಬೀಗರು ಹಣ್ಣು ಹಿಡಿದುಕೊಂಡು ನೋಡಲು ಬರುತ್ತಾರೆ. ಬರಲಿಲ್ಲ ಎಂದರೆ ಎದ್ದು ಶೆಡ್ಡಿಗೆ ನಡೆಯಬೇಕು. ನನಗೆ ಅದು ಒಮ್ಮೆಯೂ ಬರಲಿಲ್ಲ. ಟೈಫಾಯ್ಡ್ ಒಂದೇ ಅಲ್ಲ, ರಕ್ತ ತೆಗೆದು ಯಾವ ಜ್ವರ ಎಂದು ಹುಡುಕುವ ಪರೀಕ್ಷೆ ಯಾವುದೇ ಇರಲಿ, ನನ್ನದು ನಾರ್ಮಲ್. ಮೈ ಕೆಂಡದಂತೆ ಸುಡುತ್ತಿರುವಾಗ ಕಾಕಾ ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದರು.

"ವಿಡಾಲ್ ಏನ ಬಂತು?"

"ನಾರ್ಮಲ್ ಬಂತ್ರಿ."

"ಹಂಗಾರ ಏಳು. ಬ್ಯಾನಿ ಇದ್ದಿದ್ರ ರಕ್ತದಾಗ ಕಾಣತಿತ್ತು. ರಕ್ತ ಸುಳ್ಳ ಹೇಳತೈತೇನು?"

ಪಾವರ್‌ಲೂಮ್ ಶೆಡ್ಡಿನೊಳಗೆ ಹೋದವರಿಗೆ ಗೊತ್ತು, ಅಲ್ಲಿ ಬಾಯಿಂದ ಆಡಿದ ಮಾತು ಪಕ್ಕದವನಿಗೂ ಕೇಳುವುದಿಲ್ಲ. ಎಲ್ಲವೂ ಕೈಸನ್ನೆ. ನೂಲು ಹರಿಯಿತು, ಚಹಾ ಬಂತು, ಕರೆಂಟ್ ಹೋಗುವ ಹೊತ್ತಾಯಿತು, ಎಲ್ಲಕ್ಕೂ ಒಂದೊಂದು ಸನ್ನೆ ಇದೆ. ಕಾಕಾ ನನಗೂ ಒಂದು ಸನ್ನೆ ಮಾಡಿದರು. ಅಂಗೈಯ ಹಿಂಭಾಗ ಹಣೆಗಿಟ್ಟು, ಕಣ್ಣು ಮೇಲಕ್ಕೆ ತಿರುಗಿಸಿ, ಸೊಂಟ ಬಾಗಿಸುವುದು. ನಾಟಕದ ನಾಯಕಿ ಮೂರ್ಛೆ ಹೋಗುವಂತೆ. ಬಾಹುಬಲಿ ಎಲ್ಲಿ ಎಂದು ಯಾರಾದರೂ ಕೇಳಿದರೆ ಇದೇ ಉತ್ತರ. ಸ್ವಲ್ಪ ದಿನದಲ್ಲಿ ನೇಕಾರರೂ ಕಲಿತರು. ನಾನು ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಈ ತುದಿಯಿಂದ ಆ ತುದಿಗೆ ಕೈಗಳು ಹಣೆಗೆ ಹೋಗುತ್ತಿದ್ದವು. ನಾನೂ ಹಲ್ಲು ಕಿರಿದು ನಗುತ್ತಿದ್ದೆ, ಮತ್ತೇನು ಮಾಡಲಿ? ಆ ನಗುವಿಗೂ ಸೇರಿಸಿ ಈಗ ಸಿಟ್ಟು ಬರುತ್ತದೆ.

ಕೊನೆಗೆ ಒಂದು ಮಧ್ಯಾಹ್ನ ಉಸಿರು ಮೇಲೆ ಬಾರದೆ ಶೆಡ್ಡಿನ ಮುಂದೆ ಕುಸಿದೆ. ಸುನಂದಾ ಯಾರನ್ನೂ ಕೇಳದೆ ನೆರೆಯವರ ಗಾಡಿಯಲ್ಲಿ ಹಾಕಿಕೊಂಡು ನನ್ನನ್ನು ಮಿರಜಕ್ಕೆ ಒಯ್ದಳು. ಅಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಸಿಕ್ಕ ಡಾಕ್ಟರು ಅಥಣಿ ಕಡೆಯ ಹೆಣ್ಣುಮಗಳು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಜೀವ ಉಳಿದು ಮನೆಗೆ ಹೋಗುವ ಹೊತ್ತಿಗೆ ಅವರು ನನಗೆ ಒಂದು ಲಸಿಕೆ ಚುಚ್ಚಿ, ಕೆಲವು ವಾರ ಬಿಟ್ಟು ರಕ್ತ ಕೊಡಲು ಬನ್ನಿ ಎಂದರು. ರೋಗಿಗೆ ಔಷಧಿ ಕೊಡುವುದು ಬಿಟ್ಟು ಲಸಿಕೆ ಯಾಕೆ ಎಂದು ನಮಗೆ ಅರ್ಥವಾಗಲಿಲ್ಲ.

ಹೇಳಿದ ದಿನ ಹೋದೆವು, ರಕ್ತ ಕೊಟ್ಟು ಬಂದೆವು, ಅದರ ಫಲ ಕೇಳಲು ಮತ್ತೆ ಹೋದೆವು. ಆಸ್ಪತ್ರೆಗಳಲ್ಲಿ ಕಾಯುವುದನ್ನು ನಾನು ಬಲ್ಲೆ. ಮೊದಲು ಗೋಡೆಯ ಮೇಲಿನ ಚಿತ್ರಗಳನ್ನು ಓದುತ್ತೀರಿ, ಆಮೇಲೆ ಎದುರಿಗೆ ಕುಳಿತವರ ಚಪ್ಪಲಿ ನೋಡುತ್ತೀರಿ, ಆಮೇಲೆ ಯಾರ ಬೇನೆ ದೊಡ್ಡದು ಎಂದು ಮನಸ್ಸಿನಲ್ಲೇ ಪಂದ್ಯ ಹೂಡುತ್ತೀರಿ. ಅಂದು ನನ್ನ ಪಕ್ಕದಲ್ಲಿದ್ದವರು ಐನಾಪುರದ ದಸ್ತಗೀರ ಚಾಚಾ. ನನ್ನ ಹಾಗೆಯೇ ಪದೇ ಪದೇ ಬರುವವರು. ಅವರು ಹೆಸರು ಕೇಳಿದರು, ಹೇಳಿದೆ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಇರ್ಲಿ ಬಿಡಪಾ, ಹೆಸರ ಇಟ್ಟಾವ್ರಿಗೇನ ಗೊತ್ತಿತ್ತು" ಎಂದರು. ಇಬ್ಬರೂ ಕೆಮ್ಮು ಬರುವವರೆಗೆ ನಕ್ಕೆವು.

ಒಳಗೆ ಕರೆದರು. ಡಾಕ್ಟರು ನೇರವಾಗಿ ಹೇಳಿದರು.

"ನೋಡ್ರಿ, ವಿಡಾಲ್ ಟೆಸ್ಟ್ ರೋಗಾಣು ಹುಡುಕೂದಿಲ್ಲ. ರೋಗಾಣು ಬಂದಾಗ ನಿಮ್ಮ ಮೈ ಅದಕ್ಕ ಎದುರ ನಿಂತಿತ್ತೇನು, ಆಂಟಿಬಾಡಿ ಮಾಡಿತ್ತೇನು ಅಂತ ಹುಡುಕತೈತಿ. ನಿಮ್ಮ ಮೈ ಆಂಟಿಬಾಡಿ ಮಾಡೂದ ಇಲ್ಲ. ನಾ ಲಸಿಕಿ ಹಾಕಿದ್ನೆಲ್ಲ, ಅದರ ಗುರ್ತನೂ ರಕ್ತದಾಗಿಲ್ಲ. ಹುಟ್ಟಿನಿಂದ ಬಂದ ವಂಶವಾಹಿ ಹಂಗೈತಿ."

"ಅಂದ್ರ ನನ್ನ ರಿಪೋರ್ಟೆಲ್ಲಾ ನಾರ್ಮಲ್ ಬರ್ತಿದ್ದದ್ದು..."

"ನಿಮಗ ಬ್ಯಾನಿ ಇದ್ದದ್ದಕ್ಕ ನಾರ್ಮಲ್ ಬರ್ತಿದ್ವು."

ಕಳವಾದ ಮನೆಯವನು ದೂರು ಕೊಡದಿದ್ದರೆ ಠಾಣೆಯವರ ಪಾಲಿಗೆ ಆ ಮನೆಯಲ್ಲಿ ಕಳವೇ ಆಗಿಲ್ಲ. ನನ್ನ ಮೈ ಅಂಥ ಮನೆ. ಇಷ್ಟು ವರ್ಷ ದೋಚಿಸಿಕೊಂಡು ಬಾಯಿ ಬಿಟ್ಟಿರಲಿಲ್ಲ. ಸುನಂದಾ ಅಳತೊಡಗಿದಳು. ನಾನು ನಗುತ್ತಿದ್ದೆ. ಹೊರಗೆ ಬಂದ ಮೇಲೆ ಅವಳು ನನ್ನ ತೋಳು ಚಿವುಟಿದಳು.

"ಜನಮ ಪೂರ್ತಿ ಇರೂ ಬ್ಯಾನಿ ಅಂತ ಹೇಳ್ಯಾರ, ನೀವು ನಗಾಕತ್ತೀರಲ್ರೀ!"

"ಕಾಕಾನ ಮಾರಿ ನೆನಸ್ಕೊಂಡ್ನಿ" ಎಂದೆ.

ನಿಜ ಹೇಳುತ್ತೇನೆ, ಬದುಕುತ್ತೇನೆ ಎಂಬ ಸಂತೋಷಕ್ಕಿಂತ ಅದು ದೊಡ್ಡ ಸಂತೋಷವಾಗಿತ್ತು. ಮಿರಜದಿಂದ ಬೋರಗಾಂವಕ್ಕೆ ಬರುವ ದಾರಿಯುದ್ದಕ್ಕೂ ಏನು ಹೇಳಬೇಕು, ಯಾರ ಮುಂದೆ ಹೇಳಬೇಕು ಎಂದು ಮಾತು ಹೊಸೆಯುತ್ತ ಬಂದೆ. ಕಾಕಾ ಎಲ್ಲವನ್ನೂ ಕೇಳಿಸಿಕೊಂಡು ಎಲೆಯಡಿಕೆ ಮಡಚುತ್ತ ಹೇಳಿದ್ದು ಇಷ್ಟೇ. "ಹಂಗ ಹೇಳಲಿಲ್ಲಂದ್ರ ಅವರ ದವಾಖಾನಿ ಹೆಂಗ ನಡೀಬೇಕು?"

ಚಿಕಿತ್ಸೆ ಎಂದರೆ ಪ್ರತಿ ತಿಂಗಳು ಮಿರಜದಲ್ಲಿ ಮಲಗಿ, ಬೇರೆಯವರ ರಕ್ತದಿಂದ ತೆಗೆದ ಆಂಟಿಬಾಡಿಗಳನ್ನು ನರದೊಳಗೆ ಹನಿಹನಿಯಾಗಿ ಇಳಿಸಿಕೊಳ್ಳುವುದು. ಒಬ್ಬಿಬ್ಬರದಲ್ಲ, ಒಂದು ಬಾಟಲಿಯಲ್ಲಿ ಸಾವಿರಾರು ಜನರದು ಇರುತ್ತದಂತೆ. ಇದನ್ನು ಕೇಳಿ ಅವ್ವ ಗಾಬರಿಯಾದಳು. ನಮ್ಮವ್ವ ಹೊತ್ತು ಮುಳುಗಿದ ಮೇಲೆ ನೀರು ಕುಡಿಯುವುದಕ್ಕೂ ಯೋಚಿಸುವವಳು.

"ಆ ಸಾವಿರ ಮಂದ್ಯಾಗ ಮಾಂಸ ತಿನ್ನಾವ್ರೂ ಇರತಾರೇನೋ?"

"ಇದ್ದ ಇರತಾರವ್ವ."

ಅವಳು ಅಂದು ಬಸದಿಗೆ ಹೋಗಿ ಬಹಳ ಹೊತ್ತು ಕುಳಿತು ಬಂದಳು. ಬಂದವಳು, "ಬಾಯಾಗ ಹಾಕ್ಕೊಳ್ಳೂದ ಅಲ್ಲಲ್ಲ, ಹೋಗ್ಲಿ ತಗೋ. ಕೊಟ್ಟಾವ್ರಿಗೆಲ್ಲಾ ಚಲೋ ಆಗ್ಲಿ" ಎಂದಳು. ಮೂರನೆಯ ತಿಂಗಳಿಗೆ ಕಿವಿ ಸೋರುವುದು ನಿಂತಿತು. ಮೆಟ್ಟಿಲು ಹತ್ತಿದರೆ ದಣಿವಾಗುತ್ತಿರಲಿಲ್ಲ. ಮಜಾ ಎಂದರೆ, ಈಗ ವಿಡಾಲ್ ಮಾಡಿಸಿದರೆ ಯಾರದೋ ಟೈಫಾಯ್ಡಿನ ಗುರುತು ನನ್ನ ರಕ್ತದಲ್ಲಿ ಕಾಣಿಸಲೂಬಹುದು ಎಂದರು ಡಾಕ್ಟರು. ಗುಣವಾದ ಮೇಲೆ ನಾನು ರೋಗಿಯೆಂದು ಸಾಬೀತಾಗುವ ಯೋಗ!

ಇದು ಮನೆತನದಲ್ಲಿ ಹರಿದು ಬರುವಂಥದ್ದು, ಹತ್ತಿರದವರ ರಕ್ತವನ್ನೂ ನೋಡೋಣ ಎಂದು ಡಾಕ್ಟರು ಹೇಳಿದ್ದರು. ಅವ್ವ ಕೊಟ್ಟಳು. ಅವಳದರಲ್ಲಿ ಏನೂ ಇರಲಿಲ್ಲ. ಹಾಗಾದರೆ ಅಪ್ಪನ ಕಡೆಯಿಂದಲೇ ಬಂದಿರಬೇಕು ಎಂದಾಯಿತು. ಆ ದಿನ ಅವ್ವ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದಳು. ನಾನು ಏನೂ ಕೇಳಲಿಲ್ಲ, ಅವಳೇ ಶುರು ಮಾಡಿದಳು.

"ನಿಮ್ಮಪ್ಪಗೂ ಹಿಂಗ. ಮೈ ಸುಡತಿತ್ತು, ರಿಪೋರ್ಟ್ ಮಾತ್ರ ಚಲೋ ಬರ್ತಿದ್ವು. ಅಣ್ಣಾ, ಏನೂ ಆಗಿಲ್ಲ ಏಳು, ಶೆಡ್ಡಿಗೆ ನಡಿ ಅಂತ ನಿಮ್ಮ ಕಾಕಾ ಎಬ್ಬಸ್ಕೊಂಡ ಹೋಗ್ತಿದ್ದ. ಕಡೀ ದಿನಾನೂ ಹಂಗ ಒಯ್ದ. ಇವತ್ತ ನನ್ನ ಕಡಿಂದ ಆಗೂದಿಲ್ಲೋ ಅಂದ್ರು ಅವರು. ಕೈ ಹಿಡದ ಎಬ್ಬಿಸಿದ. ಮಗ್ಗದ ಮುಂದ ಕುಂತಾವ್ರು ಏಳಲಿಲ್ಲ."

"ಇಷ್ಟ ವರ್ಷ ಯಾಕ ಹೇಳಲಿಲ್ಲವ್ವ?"

"ಹೇಳಿದ್ರ ನೀ ಆ ಶೆಡ್ಡಿನಾಗ ಕಾಲಿಡ್ತಿದ್ದೇನು? ಊಟಕ್ಕ ಏನ ಮಾಡ್ತಿದ್ವಿ?"

ಅಂದಿನಿಂದ ನನ್ನ ಸಿಟ್ಟಿನ ಬಣ್ಣವೇ ಬೇರೆಯಾಯಿತು. ನನಗೆ ಅಂದದ್ದನ್ನು ಹೇಗೋ ನುಂಗಿಕೊಳ್ಳುತ್ತಿದ್ದೆನೇನೋ. ಅಪ್ಪನನ್ನು ಕೈ ಹಿಡಿದು ಎಬ್ಬಿಸಿದ್ದನ್ನು ನುಂಗುವುದು ಆಗಲಿಲ್ಲ, ಈಗಲೂ ಆಗಿಲ್ಲ.

ಅದೇ ಸುಮಾರಿಗೆ ಕಾಕಾನ ಮೊಮ್ಮಗಳು ಆರ್ಯಾಳ ಕಿವಿ ಸೋರತೊಡಗಿತು. ಕಾಕಾನ ಮಗ ಸನ್ಮತಿಯ ಮಗಳು, ಶಾಲೆಯಲ್ಲಿ ಎರಡನೆಯ ಇಯತ್ತೆ. ಕಿವಿ, ಆಮೇಲೆ ಜ್ವರ, ಆಮೇಲೆ ಎದೆಯಲ್ಲಿ ಕಫ. ಊರಿನ ದವಾಖಾನೆಯಲ್ಲಿ ವಿಡಾಲ್ ಮಾಡಿಸಿದರು. ನಾರ್ಮಲ್. ನನಗೆ ನನ್ನ ಹಳೆಯ ರಿಪೋರ್ಟುಗಳೇ ನೆನಪಾದವು. ಕಾಕಾನಿಗೆ ಮಾತ್ರ ನಗು ಬಂತು. "ಸಾಲಿಗೆ ಹೋಗೂದ ಬ್ಯಾಡಂತ ನಾಟಕ ಮಾಡತೈತಿ, ಬೆರಕಿ ಐತಿ ಹುಡುಗಿ" ಎಂದು ಅವಳ ಗಲ್ಲ ಹಿಂಡಿದರು. ಅವಳು ನಗಲಿಲ್ಲ. ಅವಳಿಗೆ ಉಸಿರು ಎಳೆಯುವುದೇ ಕೆಲಸವಾಗಿತ್ತು.

ನಾನು ಹೋಗಿ ಹೇಳಿದೆ. ಮೆತ್ತಗೇ ಹೇಳಿದೆ. "ಕಾಕಾ, ಆರ್ಯಾನ ಒಮ್ಮೆ ಮಿರಜಕ್ಕ ಒಯ್ಯೂಣ್ರಿ. ಒಂದ ರಕ್ತದ ಟೆಸ್ಟ್. ನಂದು ಆಕೀದು ಒಂದ ಆಗಿದ್ರ ಈಗ ಗೊತ್ತಾದ್ರ ಚಲೋ."

ಅವರ ಮುಖ ಕಪ್ಪಾಯಿತು. "ನಮ್ಮ ಮನಿತನದ ರಕ್ತದಾಗ ಅಂಥಾದ್ದ ಯಾವುದೂ ಇಲ್ಲ. ನನ್ನ ನೋಡು, ಈ ವಯಸ್ಸಿಗೂ ಒಂದ ನೆಗಡಿ ಬಂದಿಲ್ಲ. ನಿಂದು ನಿಮ್ಮವ್ವನ ಕಡಿಂದ ಬಂದಿರಬೇಕು. ಆ ಹೆಸರ ಹಚ್ಚಿ ನಾಳೆ ನನ್ನ ಮೊಮ್ಮಗಳಿಗೆ ಗಂಡ ಸಿಗಧಂಗ ಮಾಡತೀಯೇನು?"

ಅವ್ವನ ರಕ್ತ ಪರೀಕ್ಷೆಯಾಗಿದೆ, ಅವಳದರಲ್ಲಿ ಏನೂ ಇಲ್ಲ ಎಂದೆ. ಎಲೆಯಡಿಕೆ ಉಗುಳಲು ಎದ್ದು ಹೋದರು. ಸನ್ಮತಿ ಅಪ್ಪನ ಮಾತು ಮೀರುವ ಗಂಡಲ್ಲ. ಅವನ ಹೆಂಡತಿ ರೂಪಾ ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಅವಳ ಸೊಂಟದ ಮೇಲೆ ಆರ್ಯಾ ಇದ್ದಳು. ಅಷ್ಟು ದೊಡ್ಡ ಹುಡುಗಿಯನ್ನು ಯಾರೂ ಸೊಂಟದ ಮೇಲೆ ಹೊರುವುದಿಲ್ಲ.

ಮಳೆಗಾಲ ಕಳೆಯುತ್ತ ಬಂತು, ದಶಲಕ್ಷಣ ಪರ್ವ ಬಂತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹತ್ತು ದಿನಗಳ ಈ ಪರ್ವ ಮುಗಿದ ಮೇಲೆ ನಮ್ಮಲ್ಲಿ ಕ್ಷಮಾವಾಣಿ. ಅಂದು ಬಸದಿಯಲ್ಲಿ ಎಲ್ಲರೂ ಎಲ್ಲರಿಗೂ ಕೈ ಮುಗಿದು, ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ ಎನ್ನುತ್ತಾರೆ. ಎದುರಿನವರೂ ಹಾಗೇ ಅಂದು ಕೈ ಮುಗಿಯುತ್ತಾರೆ. ಎಷ್ಟು ಚಂದದ ದಿನ ಅದು! ವರ್ಷವಿಡೀ ಮುಖ ತಿರುಗಿಸಿದವರೂ ಅಂದು ತಿರುಗಿ ನೋಡುತ್ತಾರೆ. ಆದರೆ ಇದರಲ್ಲಿ ಒಂದು ಸಲೀಸೂ ಇದೆ. ತಪ್ಪು ಯಾವುದು ಎಂದು ಯಾರೂ ಹೇಳಬೇಕಾಗಿಲ್ಲ. ಕಾಕಾ ಪ್ರತಿ ವರ್ಷ ನನಗೆ ಕೈ ಮುಗಿದಿದ್ದರು. ನಾನೂ ಮುಗಿದಿದ್ದೆ. ಮರುದಿನ ಶೆಡ್ಡಿನಲ್ಲಿ ಕೈ ಮತ್ತೆ ಹಣೆಗೆ ಹೋಗುತ್ತಿತ್ತು.

ಹಿಂದಿನ ದಿನವೇ ಸುನಂದಾ ನನ್ನ ಮುಖ ನೋಡಿ ಕೇಳಿದಳು. "ನಿಮಗ ಆರ್ಯಾ ಬೇಕೋ, ಸೇಡು ಬೇಕೋ?"

"ಎರಡೂ ಬೇಕು" ಎಂದೆ.

ಬಸದಿಯ ಅಂಗಳ ತುಂಬಿತ್ತು. ಕಾಕಾ ಬಿಳಿ ಧೋತರ ಉಟ್ಟು ಸಾಲಾಗಿ ಎಲ್ಲರಿಗೂ ಕೈ ಮುಗಿಯುತ್ತ ನನ್ನ ಮುಂದೆ ಬಂದರು. "ಉತ್ತಮ ಕ್ಷಮಾ" ಎಂದು ಕೈ ಜೋಡಿಸಿ, ಮುಂದಿನವನ ಕಡೆ ಆಗಲೇ ಕಣ್ಣು ಹಾಯಿಸಿದ್ದರು. ನಾನು ಕೈ ಎತ್ತಲಿಲ್ಲ.

"ಯಾವುದಕ್ರಿ, ಕಾಕಾ?"

ಅವರಿಗೆ ತಿಳಿಯಲಿಲ್ಲ. "ಏನ ಯಾವುದಕ್ಕ?"

"ಯಾವ ತಪ್ಪಿಗೆ ಕ್ಷಮಾ ಕೇಳಾಕತ್ತೀರಿ?"

"ತಿಳದೋ ತಿಳೀದೋ..."

"ತಿಳೀದ ಮಾಡಿದ್ದ ಇರ್ಲಿ. ತಿಳದ ಮಾಡಿದ್ದ ಹೇಳ್ರಿ."

ಅಕ್ಕಪಕ್ಕದವರ ಕೈಗಳು ಮುಗಿದಲ್ಲೇ ನಿಂತವು. ಒಬ್ಬ ಹಿರಿಯರು ನನ್ನ ಭುಜ ಹಿಡಿದು, "ಇವತ್ತಿನ ದಿನಾ ಕ್ಷಮಾ ಇಲ್ಲ ಅನಬಾರ್ದೋ ತಮ್ಮಾ, ಪಾಪ ಬರತೈತಿ" ಎಂದರು. ಬರಲಿ, ನನಗೇ ಬರಲಿ ಎಂದೆ. ಆಮೇಲೆ ನನ್ನ ದನಿ ನಾನು ಹೊಸೆದಿಟ್ಟುಕೊಂಡಷ್ಟು ಗಟ್ಟಿಯಾಗಿ ಬರಲಿಲ್ಲ. ಆದರೂ ಹೇಳಿದೆ. "ನನಗ ನಿಮ್ಮ ಮಾತ ಬ್ಯಾಡ್ರಿ. ಆರ್ಯಾನ ರಕ್ತ ಕೊಡಸ್ರಿ, ನಿಮ್ಮದೂ ಕೊಡ್ರಿ. ಆಕಿ ಮಿರಜದ ಮೆಟ್ಟಲ ಹತ್ತೂತನಾ ನಾ ಕೈ ಮುಗಿಯಾಂವ ಅಲ್ಲ. ನಮ್ಮಪ್ಪನ ಹಂಗ ಆಕಿನ್ನೂ ಕೈ ಹಿಡದ ಎಬ್ಬಸ್ತೀರೇನು?"

ಅಪ್ಪನ ಮಾತು ಬಂದ ಕೂಡಲೇ ಕಾಕಾನ ಕೈ ತಾನಾಗಿ ಬಿಟ್ಟುಕೊಂಡಿತು. ಹೆಂಗಸರ ಸಾಲಿನಿಂದ ರೂಪಾ ಮುಂದೆ ಬಂದಳು. ಮಾವನ ಎದುರು ಅವಳು ಜೋರಾಗಿ ಮಾತಾಡಿದ್ದನ್ನು ನಾವು ಯಾರೂ ಕೇಳಿರಲಿಲ್ಲ.

"ಮಾವಾ, ನಾ ನಾಳೆ ಆಕಿನ್ನ ಮಿರಜಕ್ಕ ಕರಕೊಂಡ ಹೋಗತೀನ್ರಿ. ನೀವು ಬರ್ರಿ, ಬಿಡ್ರಿ."

ಮರುದಿನ ರೂಪಾ, ಸನ್ಮತಿ, ಆರ್ಯಾ ಹೋದರು. ದಾರಿ ತೋರಿಸಲು ನಾನೂ ಇದ್ದೆ. ಕಾಕಾ ಬರಲಿಲ್ಲ. ಕೆಲವು ವಾರ ಬಿಟ್ಟು ಫಲ ಕೇಳಲು ಹೋದಾಗ, ಆರ್ಯಾಳ ರಕ್ತದಲ್ಲಿ ಆಂಟಿಬಾಡಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಇತ್ತು. ನನ್ನಲ್ಲಿದ್ದ ವಂಶವಾಹಿಯೇ ಅವಳಲ್ಲೂ ಇತ್ತು. ಶ್ವಾಸಕೋಶ ಇನ್ನೂ ಕೆಟ್ಟಿಲ್ಲ, ಸಮಯಕ್ಕೆ ತಂದಿರಿ ಎಂದು ಡಾಕ್ಟರು ರೂಪಾಳಿಗೆ ಹೇಳಿದರು. ರೂಪಾ ಆರ್ಯಾಳನ್ನು ಎತ್ತಿ ಮತ್ತೆ ಸೊಂಟಕ್ಕೇರಿಸಿಕೊಂಡಳು. ಇನ್ನೊಂದು ಮಳೆಗಾಲ ತಡವಾಗಿದ್ದರೆ ಏನಾಗುತ್ತಿತ್ತು ಎಂದು ನಾನು ಕೇಳಲಿಲ್ಲ. ನನ್ನ ಎದೆಯ ಎಕ್ಸ್‌ರೇ ನಾನು ನೋಡಿದ್ದೇನೆ, ಅಲ್ಲಿ ಕೆಟ್ಟದ್ದು ಮತ್ತೆ ಸರಿಯಾಗುವುದಿಲ್ಲ.

ಕಾಕಾ ಕೊನೆಗೆ ಬಂದದ್ದು ಆರ್ಯಾಳ ಹಟಕ್ಕೆ. ಅಜ್ಜ ಬಾರದಿದ್ದರೆ ಸೂಜಿ ಚುಚ್ಚಿಸಿಕೊಳ್ಳುವುದಿಲ್ಲ ಎಂದಳಂತೆ. ಬಂದವರ ರಕ್ತವನ್ನೂ ರೂಪಾ ಕೊಡಿಸಿದಳು. ಕೆಲವು ವಾರಗಳ ಮೇಲೆ ಡಾಕ್ಟರು ಅವರನ್ನು ಕೂರಿಸಿಕೊಂಡು ಹೇಳಿದಾಗ ನಾನು ಪಕ್ಕದಲ್ಲೇ ಇದ್ದೆ. ಇದೇ ವಂಶವಾಹಿ ಅವರಲ್ಲೂ ಇತ್ತು. ಅಣ್ಣತಮ್ಮರಿಬ್ಬರಿಗೂ ಹಿಂದಿನವರಿಂದ ಬಂದದ್ದು. ಒಬ್ಬರನ್ನು ಅದು ಮುಟ್ಟದೆ ಬಿಡುತ್ತದೆ, ಒಬ್ಬರನ್ನು ಬಿಡುವುದಿಲ್ಲ, ಯಾಕೆ ಎಂದು ಪೂರ್ತಿ ಗೊತ್ತಿಲ್ಲ ಎಂದರು. ಒಂದು ನೆಗಡಿಯೂ ಕಾಣದ ಆ ಗಟ್ಟಿ ದೇಹವನ್ನು ನಾನು ಕಣ್ತುಂಬ ನೋಡಿದೆ. ಅವರು ತಮ್ಮ ಅಂಗೈಯನ್ನು ತಾವೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ನಾನು ಇಷ್ಟು ವರ್ಷ ಕಾದದ್ದು ಈ ಮುಖಕ್ಕೇ. ಸಿಕ್ಕಿತು, ರುಚಿಯಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ?

ಈಗ ಆರ್ಯಾಳದೂ ನನ್ನದೂ ಒಂದೇ ದಿನ ಬಾಟಲಿ. ಅವಳಿಗೆ ಕಿಟಕಿ ಪಕ್ಕದ ಹಾಸಿಗೆ ಬೇಕು, ಬಿಟ್ಟುಕೊಟ್ಟಿದ್ದೇನೆ. ದಸ್ತಗೀರ ಚಾಚಾ ಅವಳಿಗೆಂದು ಐನಾಪುರದಿಂದ ಕಡಲೆ ಚಿಕ್ಕಿ ತರುತ್ತಾರೆ. ಶಾಲೆಯ ಓಟದಲ್ಲಿ ಅವಳು ಎರಡನೆಯವಳಾಗಿ ಬಂದಳು. ಮೊದಲು ಬಂದವಳು ಮೋಸ ಮಾಡಿದಳು ಎಂದು ಇನ್ನೂ ಕುದಿಯುತ್ತಾಳೆ. ನಮ್ಮ ಮನೆತನದ ಹುಡುಗಿ ಎಂದು ನನಗೆ ಹೆಮ್ಮೆ.

ಹೋದ ತಿಂಗಳು ರೂಪಾಳ ಬದಲು ಕಾಕಾ ಅವಳನ್ನು ಕರೆತಂದರು. ಪರ್ವವಲ್ಲ, ಹಬ್ಬವಲ್ಲ, ಬರೀ ಮಂಗಳವಾರ. ಆರ್ಯಾ ಸೂಜಿ ಹಾಕಿಸಿಕೊಂಡು ನಿದ್ದೆ ಹೋದ ಮೇಲೆ ಅವರು ನನ್ನ ಹಾಸಿಗೆಯ ಪಕ್ಕ ಬಂದು ನಿಂತರು. ಕುರ್ಚಿ ಇತ್ತು, ಕೂರಲಿಲ್ಲ.

"ಹೇಳು ಅಂದಿದ್ದೆಲ್ಲ. ಹೇಳತೀನಿ" ಎಂದರು. "ಶೆಡ್ಡಿನಾಗ ಹಣಿಗೆ ಕೈ ಇಟ್ಟ ಎಲ್ಲಾರ ಮುಂದ ನಿನ್ನ ನಗಸಾಡಿದ್ನಿ. ಅದ ತಪ್ಪು. ನಿಮ್ಮವ್ವನ ಕಡಿಂದ ಬಂದೈತಿ ಅಂದಿದ್ನಿ. ಅದೂ ತಪ್ಪು. ಈ ಕೂಸಿನ್ನ ನಾಟಕ ಅಂದ್ನಿ."

"ಮತ್ತ?" ಎಂದೆ.

ಅವರು ಹಾಸಿಗೆಯ ಕಬ್ಬಿಣದ ಸರಳು ಹಿಡಿದುಕೊಂಡರು. ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ನಾನು ಸಹಾಯ ಮಾಡಲಿಲ್ಲ.

"ಅಣ್ಣ ಆಗೂದಿಲ್ಲ ಅಂದಿದ್ದ" ಎಂದರು. "ನಾ ಕೈ ಹಿಡದ ಎಬ್ಬಿಸಿದ್ನಿ."

ಸರಳು ಬಿಟ್ಟು ಎರಡೂ ಕೈ ಜೋಡಿಸಿದರು. ಈ ಸಲ ಅವರ ಕಣ್ಣು ಬೇರೆ ಯಾರ ಕಡೆಗೂ ಹೋಗಲಿಲ್ಲ, ನನ್ನ ಮೇಲೇ ಇತ್ತು.

"ನಂದು ಕ್ಷಮಾ ಮಾಡೀನ್ರಿ, ಕಾಕಾ" ಎಂದೆ. "ಅವ್ವಂದು ಅವ್ವನ ಕೇಳ್ರಿ. ಆರ್ಯಾ ಎದ್ದ ಮ್ಯಾಲ ಆರ್ಯಾನ ಕೇಳ್ರಿ. ಅಪ್ಪಂದು ನನ್ನ ಕೈಯಾಗಿಲ್ಲ."

ನರ್ಸ್ ಬಂದು ಬಾಟಲಿ ಬದಲಿಸಬೇಕು, ಸ್ವಲ್ಪ ಸರಿಯಿರಿ ಎಂದಳು. ಕಾಕಾ ಮುಗಿದ ಕೈ ಮುಗಿದ ಹಾಗೆಯೇ ಒಂದು ಹೆಜ್ಜೆ ಹಿಂದೆ ಸರಿದು ನಿಂತರು. ಕೈ ಇಳಿಸಿ ಎಂದು ನಾನು ಅನ್ನಲಿಲ್ಲ.